ಕೇಸ್‌ಶೀಟ್‌ನಲ್ಲಿ ಮನುಷ್ಯನಿಗೂ ಒಂದು ಸಾಲು

ನರ್ಸಿಂಗ್ ಓದಿದವರಿಗೆಲ್ಲ ಮೌಲ್ಯಗಳ ಪಟ್ಟಿ ಬಾಯಿಪಾಠ ಇರುತ್ತದೆ: ಘನತೆ, ಸಹಾನುಭೂತಿ, ಗೌಪ್ಯತೆ, ನ್ಯಾಯ, ರೋಗಿಯ ಸ್ವಂತ ನಿರ್ಧಾರಕ್ಕೆ ಮನ್ನಣೆ. ಅಂತಾರಾಷ್ಟ್ರೀಯ ನರ್ಸಿಂಗ್ ಮಂಡಳಿ 1953ರಲ್ಲಿ ಒಪ್ಪಿಕೊಂಡ ನೀತಿಸಂಹಿತೆ 2021ರಲ್ಲಿ ಪರಿಷ್ಕರಣೆಯಾಯಿತು, ಅದರಲ್ಲೂ ಮೊದಲ ಭಾಗ ನರ್ಸ್ ಮತ್ತು ರೋಗಿಯ ಸಂಬಂಧದ್ದೇ. ಇಷ್ಟೆಲ್ಲ ಓದಿ ಬಂದವರೂ ವಾರ್ಡಿಗೆ ಕಾಲಿಟ್ಟ ಕೆಲವೇ ತಿಂಗಳಲ್ಲಿ ‘ಆರನೇ ಬೆಡ್ಡಿನ ಶುಗರ್ ಕೇಸು’ ಎನ್ನತೊಡಗುತ್ತಾರೆ. ಅವರ ಮನಸ್ಸು ಕಲ್ಲಾಯಿತೆಂದು ಬೈಯುವುದು ಸುಲಭ. ನನ್ನ ಪ್ರಕಾರ ಕಾರಣ ಬೇರೆ. ಬಿಪಿಗೆ ಕಾಲಂ ಇದೆ, ಜ್ವರಕ್ಕೆ ಗ್ರಾಫ್ ಇದೆ, ಮೂತ್ರದ ಅಳತೆಗೆ ಹಾಳೆ ಇದೆ. ಆ ಮನುಷ್ಯನಿಗೆ ಏನು ಬೇಕು ಎಂಬುದಕ್ಕೆ ಜಾಗವಿಲ್ಲ. ಬೆಳಗಿನ ಸಿಸ್ಟರ್ ಅಕ್ಕರೆಯಿಂದ ಕೇಳಿ ತಿಳಿದುಕೊಂಡದ್ದು ಮಧ್ಯಾಹ್ನ ಶಿಫ್ಟ್ ಬದಲಾಗುವಾಗ ಅವರ ಜೊತೆಗೇ ಮನೆಗೆ ಹೋಗುತ್ತದೆ.

ಹಾಗಾಗಿ ಕೇಳಿದ್ದನ್ನು ಬರೆಯಬೇಕು. ವ್ಯಕ್ತಿ ಕೇಂದ್ರಿತ ಆರೈಕೆಯ ಅರ್ಧ ಕೆಲಸ ಅಲ್ಲೇ ಇದೆ.

ದಾಖಲಾತಿಯ ಹೊತ್ತಿನಲ್ಲಿ ಮೂರು ಪ್ರಶ್ನೆ ಸಾಕು. ನಿಮ್ಮನ್ನು ಏನೆಂದು ಕರೆಯಲಿ? ಯಾವ ಭಾಷೆಯಲ್ಲಿ ಮಾತಾಡಿದರೆ ಚೆನ್ನಾಗಿ ತಿಳಿಯುತ್ತದೆ? ಇಲ್ಲಿರುವಷ್ಟು ದಿನ ನಿಮ್ಮ ದೊಡ್ಡ ಚಿಂತೆ ಯಾವುದು? ಮೂರಕ್ಕೂ ಸೇರಿ ಐದು ನಿಮಿಷ ಹಿಡಿಯುವುದಿಲ್ಲ.

ಹೆಸರಿನದು ಚಿಕ್ಕ ವಿಷಯವಲ್ಲ. ಎಂಬತ್ತು ದಾಟಿದವರೆಲ್ಲ ವಾರ್ಡಿನಲ್ಲಿ ‘ಅಜ್ಜ’, ‘ಅಜ್ಜಿ’ ಆಗಿಬಿಡುತ್ತಾರೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರು ಬಹಳ, ಹುದ್ದೆ ಸೇರಿಸಿ ಕರೆದರೆ ನೆಟ್ಟಗೆ ಕೂತು ಉತ್ತರ ಕೊಡುವವರಿದ್ದಾರೆ. ಕೊಡವರಲ್ಲಿ ಮನೆಪೆದ (ಮನೆತನದ ಹೆಸರು) ಮೊದಲು, ಸ್ವಂತ ಹೆಸರು ಆಮೇಲೆ. ಒಂದೇ ಮನೆಪೆದದ ಇಬ್ಬರು ಒಂದೇ ವಾರ್ಡಿನಲ್ಲಿದ್ದಾಗ ಮೊದಲ ಪದ ಮಾತ್ರ ಕೂಗಿ ಇಂಜೆಕ್ಷನ್ ಕೊಡಲು ಹೊರಡುವುದು ಅಪಾಯ. ಪೂರ್ತಿ ಹೆಸರು ಅವರ ಬಾಯಿಂದಲೇ ಹೇಳಿಸಿ, ಜೊತೆಗೆ ಆಸ್ಪತ್ರೆ ನಂಬರ್ ತಾಳೆ ನೋಡಬೇಕು. ‘ನೀವು ಇಂಥವರಾ?’ ಎಂದು ಕೇಳಿದರೆ ಕಿವಿ ಮಂದವಾದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಭಾಷೆಯದು ಇನ್ನೂ ತೊಡಕು. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತುಳು, ಬ್ಯಾರಿ, ಕಾಫಿ ಕೊಯ್ಲಿನ ಕಾಲದಲ್ಲಿ ಅಸ್ಸಾಮಿ, ಬಂಗಾಳಿ. ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಬಂದ ತಾಯಿಗೆ ಶಾಲೆಗೆ ಹೋಗುವ ಮಗಳನ್ನೇ ದುಭಾಷಿ ಮಾಡುವುದು ರೂಢಿಯಾಗಿದೆ. ರಕ್ತಸ್ರಾವ, ಗರ್ಭ, ಮನೆಯೊಳಗಿನ ಹೊಡೆತ ಇಂಥವನ್ನು ಮಗುವಿನ ಬಾಯಿಂದ ಯಾವ ತಾಯಿಯೂ ಹೇಳಿಸುವುದಿಲ್ಲ. ಯಾವ ಸಿಬ್ಬಂದಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿಯನ್ನು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿಡಿ. ಅಡುಗೆಮನೆಯವರು, ಆಂಬುಲೆನ್ಸ್ ಚಾಲಕರೂ ಆ ಪಟ್ಟಿಯಲ್ಲಿರಲಿ. ಸೂಕ್ಷ್ಮ ವಿಷಯಕ್ಕೆ ಸಿಬ್ಬಂದಿಯಲ್ಲೇ ಒಬ್ಬ ಹೆಂಗಸನ್ನು ಕರೆಸಿ, ಕೇಳಿದ್ದು ಹೊರಗೆ ಹೋಗಬಾರದು ಎಂದು ಮೊದಲೇ ಹೇಳಿ.

ಮೂರನೇ ಪ್ರಶ್ನೆಯ ಬೆಲೆ ಜನವರಿ, ಫೆಬ್ರವರಿಯಲ್ಲಿ ತಿಳಿಯುತ್ತದೆ. ರೋಬಸ್ಟಾ ಕೊಯ್ಲಿನ ಹೊತ್ತು. ‘ಏನು ತೊಂದರೆ?’ ಎಂದರೆ ಕೆಮ್ಮು, ಜ್ವರ ಎನ್ನುತ್ತಾರೆ. ‘ಏನು ಚಿಂತೆ?’ ಎಂದರೆ ಕಣದಲ್ಲಿ ಹರಡಿದ ಕಾಫಿ, ಕಟ್ಟಿದ ಹಸು, ತಪ್ಪಿದ ದಿನಗೂಲಿ ಹೊರಬರುತ್ತದೆ. ‘ಹೇಳದೆ ಕೇಳದೆ ಹೊರಟುಹೋದ’ ಎಂದು ನಾವು ಬರೆದುಕೊಳ್ಳುವ ರೋಗಿಗಳಲ್ಲಿ ಎಷ್ಟೋ ಮಂದಿಗೆ ಇಂಥ ಕಾರಣವೇ ಇರುತ್ತದೆ. ಮೊದಲ ದಿನವೇ ಗೊತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡಬಹುದು: ಇಂಜೆಕ್ಷನ್ನಿನಿಂದ ಮಾತ್ರೆಗೆ ಯಾವಾಗ ಬದಲಿಸಬಹುದು, ಹೊರರೋಗಿಯಾಗಿ ಬಂದುಹೋದರೆ ಸಾಕೇ, ಕೆಲಸದ ಕಡೆ ಕೊಡಲು ಪತ್ರ ಬೇಕೇ.

ಇಷ್ಟನ್ನೂ ಹ್ಯಾಂಡೋವರ್‌ಗೆ, ಅಂದರೆ ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಒಪ್ಪಿಸುವ ವರದಿಗೆ, ಸೇರಿಸಲು ಒಂದು ಸಾಲು ಸಾಕು. ರೋಗ, ಸ್ಥಿತಿ, ಮಾಡಿದ್ದು, ಮಾಡಬೇಕಾದ್ದು ಹೇಳಿದ ಮೇಲೆ: ‘ಎಡಗಿವಿ ಕೇಳಿಸದು, ಬಲಕ್ಕೆ ನಿಂತು ಮಾತಾಡಿ. ಸ್ನಾನಕ್ಕೆ ಹೆಂಗಸರೇ ಬೇಕು. ಬೆಳಿಗ್ಗೆ 5ಕ್ಕೆ ಎದ್ದು ಬೆಲ್ಲದ ಕಾಫಿ ಕುಡಿಯುವ ಅಭ್ಯಾಸ.’ ಆ ಬೆಲ್ಲದ ಕಾಫಿಯನ್ನು ಸುಮ್ಮನೆ ಬಿಡಬೇಡಿ. ಮಧುಮೇಹಿಯನ್ನು ‘ಸಕ್ಕರೆ ಹಾಕುತ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಬೆಲ್ಲ ರಕ್ತದ ಶುಗರನ್ನು ಸಕ್ಕರೆಯಂತೆಯೇ ಏರಿಸುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯದೇ. ಬಿಟ್ಟುಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಈಗ ಎಷ್ಟು ತಿನ್ನುತ್ತೀರಿ ಎಂದು ಕೇಳಿ, ಅದರಲ್ಲಿ ಒಂದೆರಡು ಕಡಿಮೆ ಮಾಡಿಸಿ, ತರಕಾರಿ, ಕಾಳು ಹೆಚ್ಚಿಸಲು ಒಪ್ಪಿಸುವುದು ನಡೆಯುವ ಮಾತು.

ಮೌಲ್ಯವೆಂದರೆ ಮೆದು ಮಾತು ಎಂದುಕೊಂಡವರಿಗೆ ಕುಡಿತದ ಉದಾಹರಣೆ ಹೇಳಬೇಕು. ಮೂಳೆ ಮುರಿದು ದಾಖಲಾದವನನ್ನು ಹೆಂಡತಿ ಮಕ್ಕಳ ಮುಂದೆ, ಹುಬ್ಬು ಗಂಟಿಕ್ಕಿ ‘ಕುಡಿಯುತ್ತೀರಾ?’ ಎಂದು ಕೇಳಿದರೆ ‘ಹಬ್ಬಕ್ಕೆ ಮಾತ್ರ’ ಎನ್ನುತ್ತಾನೆ. ಹಾಳೆಯಲ್ಲಿ ಅದೇ ದಾಖಲಾಗುತ್ತದೆ. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಎದೆಬಡಿತ, ನಿದ್ರೆಗೇಡು ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಕೆಲವರಿಗೆ ಎರಡನೇ, ಮೂರನೇ ದಿನ ಸನ್ನಿ: ಗೋಡೆಯ ಮೇಲೆ ಇಲ್ಲದ್ದು ಕಾಣುತ್ತದೆ, ಡ್ರಿಪ್ ಕಿತ್ತೆಸೆಯುತ್ತಾನೆ. ವಾರ್ಡಿನವರು ಅದನ್ನು ದುರ್ನಡತೆ ಎಂದುಕೊಂಡು ಕೈಕಾಲು ಕಟ್ಟುತ್ತಾರೆ. ಜೀವಕ್ಕೇ ಕುತ್ತಾಗಬಲ್ಲ ಸ್ಥಿತಿ ಅದು.

ಕೇಳುವ ರೀತಿ ಬೇರೆ ಇದೆ. ಮನೆಯವರನ್ನು ಹೊರಗೆ ಕಳಿಸಿ, ಪರದೆ ಎಳೆದು, ಕುರ್ಚಿ ಹಾಕಿ ಕೂತು: ‘ಔಷಧದ ಲೆಕ್ಕಕ್ಕೆ ಬೇಕು, ಎಲ್ಲರನ್ನೂ ಕೇಳುತ್ತೇವೆ. ದಿನಕ್ಕೆ ಎಷ್ಟು? ಕೊನೆಗೆ ಕುಡಿದದ್ದು ಯಾವಾಗ? ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದಾ? ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತಾ?’ ಉತ್ತರವನ್ನು ಗಂಟೆ ಸಮೇತ ಬರೆದು ಡಾಕ್ಟರಿಗೆ ತಿಳಿಸಿ. ಗ್ಲುಕೋಸ್ ಡ್ರಿಪ್ ಹಾಕುವುದಿದ್ದರೆ ಥಯಮಿನ್ (ಬಿ1 ವಿಟಮಿನ್) ಕೊಡಬೇಕೇ ಎಂದು ನೆನಪಿಸುವುದೂ ನರ್ಸಿನ ಕೆಲಸ. ರಕ್ತದ ಶುಗರ್ ತೀರಾ ಇಳಿದಿದ್ದರೆ ಮಾತ್ರ ಅದಕ್ಕಾಗಿ ಕಾಯದೆ ಗ್ಲುಕೋಸ್ ಕೊಡಲೇಬೇಕು. ಗದರದೆ ಕೇಳುವುದು ಇಲ್ಲಿ ಸೌಜನ್ಯಕ್ಕಿಂತ ದೊಡ್ಡದು, ಚಿಕಿತ್ಸೆಯ ಮೊದಲ ಹೆಜ್ಜೆಯೇ ಅದು.

ಗೌಪ್ಯತೆ ಈ ಜಿಲ್ಲೆಯಲ್ಲಿ ಕಷ್ಟದ ಮೌಲ್ಯ. ಯಾವ ಊರು, ಯಾವ ಒಕ್ಕ (ಕೊಡವರ ಮನೆತನ) ಎಂದು ಎರಡು ಮಾತಾಡುವಷ್ಟರಲ್ಲಿ ನಂಟಸ್ತಿಕೆ ಹೊರಬೀಳುತ್ತದೆ. ತೋಟದ ಕೆಲಸಗಾರನನ್ನು ಜೀಪಿನಲ್ಲಿ ಕರೆತಂದ ರೈಟರ್ (ತೋಟದ ಗುಮಾಸ್ತ), ಬಿಲ್ ಕಟ್ಟುವ ಮಾಲೀಕ ‘ಏನು ಕಾಯಿಲೆ?’ ಎಂದು ಕೇಳುವುದು ಸಹಜ, ಕಾಳಜಿಯಿಂದಲೂ ಕೇಳುತ್ತಾರೆ. ಆದರೂ ಬಿಲ್ ಕಟ್ಟಿದ ಮಾತ್ರಕ್ಕೆ ಕಾಯಿಲೆ ತಿಳಿಯುವ ಹಕ್ಕು ಬರುವುದಿಲ್ಲ. ‘ಅವರು ಒಪ್ಪಿದರೆ ಅವರ ಮುಂದೆಯೇ ಹೇಳುತ್ತೇವೆ’ ಎಂಬ ಒಂದೇ ಉತ್ತರವನ್ನು ಎಲ್ಲ ಸಿಬ್ಬಂದಿಯೂ ಕಲಿತಿರಲಿ. ಎಚ್‌ಐವಿಯ ವಿಷಯದಲ್ಲಂತೂ 2017ರ ಕಾಯ್ದೆಯೇ ಗೌಪ್ಯತೆಯನ್ನು ಕಡ್ಡಾಯ ಮಾಡಿದೆ.

ಹಾಸಿಗೆ ಹಿಡಿದವರ ಮೈ ಒರೆಸುವುದರಲ್ಲಿ ಘನತೆ ಕಣ್ಣಿಗೆ ಕಾಣುತ್ತದೆ. ಮುಟ್ಟುವ ಮೊದಲು ಹೇಳಿ, ಒಪ್ಪಿಗೆ ಪಡೆಯಿರಿ. ಪ್ರಜ್ಞೆ ಇಲ್ಲದವರಿಗೂ ಹೇಳಿಯೇ ಮುಟ್ಟಬೇಕು. ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್, ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ. ಮಡಿಕೇರಿಯ ಡಿಸೆಂಬರ್ ಚಳಿಗೆ ಬೇಸಿನ್ನಿನ ನೀರು ಬೇಗ ಆರುತ್ತದೆ, ನಡುವೆ ಬದಲಿಸಬೇಕು. ಒರೆಸುವ ಭಾಗ ಬಿಟ್ಟು ಉಳಿದ ಮೈ ಹೊದಿಕೆಯೊಳಗಿರಲಿ. ಮುಖವನ್ನು ಅವರೇ ಒರೆಸಿಕೊಳ್ಳಬಲ್ಲರಾದರೆ ಬಟ್ಟೆ ಅವರ ಕೈಗೇ ಕೊಡಿ. ನಾವೇ ಮಾಡಿದರೆ ಬೇಗ ಮುಗಿಯುತ್ತದೆ ನಿಜ, ಅದರ ಜೊತೆಗೆ ಅವರ ಕೈಗೆ ಉಳಿದಿದ್ದ ಶಕ್ತಿಯೂ ದಿನದಿನಕ್ಕೆ ಕುಗ್ಗುತ್ತದೆ.

ಒತ್ತುಹುಣ್ಣಿನ (ಮಲಗಿದಲ್ಲೇ ಮೈ ಒತ್ತಿ ಆಗುವ ಹುಣ್ಣು) ವಿಷಯದಲ್ಲಿ ನಮಗೆ ಮಳೆಗಾಲ ದೊಡ್ಡ ಶತ್ರು. ಜುಲೈಯಲ್ಲಿ ಒಗೆದ ಬೆಡ್‌ಶೀಟ್ ದಿನಗಟ್ಟಲೆ ಒಣಗುವುದಿಲ್ಲ, ತೇವದ ಶೀಟನ್ನೇ ಹಾಸಿಬಿಡುತ್ತಾರೆ. ತೇವಕ್ಕೆ ಚರ್ಮ ಮೆತ್ತಗಾಗಿ, ಎಳೆದಾಗ ಕಿತ್ತುಬರುತ್ತದೆ. ಜೂನ್‌ಗೆ ಮುಂಚೆ ಹೆಚ್ಚುವರಿ ಶೀಟು ಕೇಳಿ ಪಡೆಯುವುದು ಹೆಡ್ ನರ್ಸಿನ ಪಟ್ಟಿಯಲ್ಲಿರಬೇಕು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಪೂರ್ತಿ 90 ಡಿಗ್ರಿ ತಿರುಗಿಸದೆ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಅಲ್ಲಿ ತಿಕ್ಕಬಾರದು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಬಿಸಿ, ಗಡಸು, ನೋವು ನೋಡಬೇಕು.

ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ರೋಗಕ್ಕಿಂತ ವ್ಯಕ್ತಿ ಮೊದಲು ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1990ರ ದಶಕದಲ್ಲಿ ಒತ್ತಿ ಹೇಳಿದರು. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ಹಿರಿಯರೇ ಉಳಿದಿರುವ ಇಲ್ಲಿ ಇದು ದಿನನಿತ್ಯದ ವಿಷಯ. ಜೀವನವಿಡೀ ಬೆಳಿಗ್ಗೆ ತೋಟ ಸುತ್ತಿದವರು ಆರು ಗಂಟೆಗೆ ಬಾಗಿಲ ಹತ್ತಿರ ಹೋಗಿ ಗಲಾಟೆ ಮಾಡಿದರೆ ನಿದ್ರೆ ಮಾತ್ರೆ ಹುಡುಕುವ ಮುನ್ನ ಜೊತೆಗೊಬ್ಬರನ್ನು ಕಳಿಸಿ ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ ನೋಡಿ. ಗಲಾಟೆ ದಿಢೀರನೆ ಶುರುವಾಗಿದ್ದರೆ ನೋವು, ಮೂತ್ರದ ಸೋಂಕು, ಮಲಬದ್ಧತೆ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಡಿಸ್ಚಾರ್ಜ್ ದಿನ ಎಲ್ಲರಿಗೂ ಅವಸರ. ‘ದಿನಕ್ಕೆ ಮೂರು, ಊಟ ಆದಮೇಲೆ’ ಎಂದು ಚೀಟಿ ಕೊಟ್ಟರೆ ಬೆಳಿಗ್ಗೆ ಗಂಜಿ ಕುಡಿದು ತೋಟಕ್ಕೆ ಹೋದವರ ಮಧ್ಯಾಹ್ನದ ಮಾತ್ರೆ ಲೈನ್ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಅವರ ದಿನ ಹೇಗೆ ಸಾಗುತ್ತದೆ ಎಂದು ಕೇಳಿ, ದಿನಕ್ಕೆ ಎರಡೇ ಸಲದ ಔಷಧ ಸಾಧ್ಯವೇ ಎಂದು ಡಾಕ್ಟರನ್ನು ವಿಚಾರಿಸಿ. ಆಮೇಲೆ ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ನಾಳೆ ಯಾವ ಮಾತ್ರೆ ಯಾವಾಗ ತಗೊಳ್ತೀರಿ, ತೋರಿಸಿ’ ಎಂದು ಮಾತ್ರೆಗಳನ್ನು ಅವರ ಕೈಗೆ ಕೊಡಿ. ತಪ್ಪಿದ ಕಡೆ ಮಾತ್ರ ಮತ್ತೊಮ್ಮೆ ವಿವರಿಸಿ.

ತೋಟದಲ್ಲಿ ದುಡಿಯುವ ಮಧುಮೇಹಿಗೆ ಪಾದದ ಪಾಠ ಪ್ರತ್ಯೇಕವಾಗಿ ಬೇಕು. ಗಂಬೂಟ್ ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಇಲ್ಲವೆಂದು ನೋಡಬೇಕು, ಸ್ಪರ್ಶ ಕಳೆದುಕೊಂಡ ಪಾದಕ್ಕೆ ಅದು ಗೊತ್ತಾಗುವುದಿಲ್ಲ. ಒದ್ದೆ ಸಾಕ್ಸ್ ಮಧ್ಯಾಹ್ನ ಬದಲಿಸಬೇಕು. ಸಂಜೆ ಕಾಲು ತೊಳೆದು ಬೆರಳ ಸಂದು ಒಣಗಿಸಬೇಕು, ಎಣ್ಣೆ ಪಾದಕ್ಕೆ ಹಚ್ಚಬಹುದು, ಸಂದಿಗೆ ಬೇಡ. ಜಿಗಣೆ ಕಚ್ಚಿದ ಗಾಯವನ್ನು ಸೋಪು ನೀರಿನಿಂದ ತೊಳೆದು ಒತ್ತಿ ಹಿಡಿಯಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಹೆಚ್ಚು ಹೊತ್ತು ನಿಲ್ಲದಿರಬಹುದು ಎಂದು ಮೊದಲೇ ತಿಳಿಸಿರಬೇಕು. ಚಳಿಗೆ ಒಲೆಯ ಮುಂದೆ ಕಾಲು ಚಾಚುವುದು ಈ ಪಾದಗಳಿಗೆ ಆಗದು, ಸುಟ್ಟಾಗಲೂ ತಿಳಿಯುವುದಿಲ್ಲ.

ಮೈಸೂರಿಗೆ ರೆಫರ್ ಮಾಡುವಾಗ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ರಸ್ತೆಯೇ ಗತಿ, ಜಿಲ್ಲೆಗೆ ರೈಲಿಲ್ಲ. ಆಂಬುಲೆನ್ಸಿನ ಜೊತೆ ಹೋಗುವ ಪತ್ರದಲ್ಲಿ ಔಷಧ, ಕೊನೆಯ ಡೋಸಿನ ಸಮಯ, ಅಲರ್ಜಿ ಬರೆದ ಮೇಲೆ ಆ ಮೂರು ಪ್ರಶ್ನೆಗಳ ಉತ್ತರವನ್ನೂ ನಕಲು ಮಾಡಿ. ಅಲ್ಲಿನ ನರ್ಸಿಗೆ ಯರವ ಭಾಷೆ ಬರದಿದ್ದರೂ ಈ ರೋಗಿಗೆ ಕನ್ನಡ ನಿಧಾನವಾಗಿ ಹೇಳಬೇಕು, ಮನೆಯಲ್ಲಿ ಇಂಥವರ ಫೋನಿಗೆ ಕರೆ ಮಾಡಬೇಕು ಎಂಬುದಾದರೂ ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ.