ನರ ಸಿಗೋ ತನಕ

ನಮ್ಮ ಲ್ಯಾಬ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತೋ ಹೊತ್ತಿಗೆ ಹೊರಗಿನ ಕಟ್ಟೆ ಮೇಲೆ ಹತ್ತು ಹದಿನೈದು ಜನ ಕೂತೇ ಇರ್ತಾರೆ. ಎಲ್ರೂ ಫಾಸ್ಟಿಂಗ್ ಶುಗರ್‌ನವ್ರು, ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಚಾ ಕೂಡ ಇಲ್ಲ, ಹುಬ್ಬಳ್ಳಿ ಮಂದಿಗೆ ಬೆಳಿಗ್ಗೆ ಚಾ ಇಲ್ಲ ಅಂದ್ರೆ ಮುಖ ಹೆಂಗಿರತ್ತೆ ಅಂತ ಗೊತ್ತಿದ್ದೋರಿಗೆ ಗೊತ್ತು. ಒಬ್ರಿಗೆ ಡ್ಯೂಟಿಗೆ ಹೊತ್ತಾಗಿರತ್ತೆ, ಇನ್ನೊಬ್ರಿಗೆ ಊರಿನ ಬಸ್ಸು, ಮತ್ತೊಬ್ರು ನಿನ್ನೆ ರಾತ್ರಿ ಪೇಡಾ ತಿಂದು ಬಂದಿರ್ತಾರೆ, ಅದನ್ನ ಹೇಳೋಕೆ ಭಯ. ಎಲ್ಲರ ಸಿಟ್ಟೂ ಬಂದು ನಿಲ್ಲೋದು ಸೂಜಿ ಹಿಡ್ಕೊಂಡು ಕೂತಿರೋ ನನ್ನ ಮುಂದೆ.

ಈ ಕುರ್ಚಿಯಲ್ಲಿ ಹದಿನೇಳು ವರ್ಷ ಆಯ್ತು. ದಿನಕ್ಕೆ ನಲವತ್ತು ಐವತ್ತು ಕೈ.

ಹೋದ ವಾರ ಒಬ್ರು ಅಮ್ಮ ಬಂದಿದ್ರು, ಎಂಬತ್ತರ ಹತ್ರ ವಯಸ್ಸು, ಕೈತುಂಬ ಹಸಿರು ಬಳೆ, ಕೈ ಅಂದ್ರೆ ಬರೀ ಎಲುಬು ತೊಗಲು. ಪಟ್ಟಿ ಕಟ್ಟಿ "ಮುಷ್ಟಿ ಬಿಗಿ ಹಿಡೀರಿ ಅಮ್ಮಾರ" ಅಂದೆ, ಹಿಡಿದ್ರು, ಏನೂ ಕಾಣ್ಲಿಲ್ಲ. ವಯಸ್ಸಾದವರ ನರ ಕಣ್ಣಿಗೆ ಕಂಡ್ರೂ ನಂಬೋ ಹಾಗಿಲ್ಲ, ಸೂಜಿ ತಾಗಿದ್ದೇ ತಡ ಪಕ್ಕಕ್ಕೆ ಜಾರ್ಕೊಳತ್ತೆ. ಅಲ್ಲಿ ಕಣ್ಣಿಗಿಂತ ಬೆರಳನ್ನ ನಂಬ್ಬೇಕು. ತೋರುಬೆರಳಿಂದ ಮೆಲ್ಲಗೆ ಒತ್ತಿ ಬಿಟ್ರೆ, ಗಟ್ಟಿ ಹುರಿ ಥರ ಸಿಕ್ಕಿದ್ದು ನರ ಅಲ್ಲ, ಟಕ್ ಟಕ್ ಅಂತ ಬಡಿಯೋದೂ ಅಲ್ಲ, ಒತ್ತಿದ್ರೆ ತಗ್ಗಿ ಬಿಟ್ರೆ ಮತ್ತೆ ಮೇಲಕ್ಕೆ ಬರೋ ಮೆತ್ತಗಿಂದು ಒಂದು ಇರತ್ತಲ್ಲ, ಅದು. ಹುಡುಕೋವಾಗ ನಾನು ಮನಸ್ಸಲ್ಲೇ "ಕರ್ತನೇ, ಒಂದೇ ಚುಚ್ಚಿಗೆ ಸಿಗ್ಲಿ" ಅಂತೀನಿ. ಇಷ್ಟೇ ಪ್ರಾರ್ಥನೆ, ಆಮೆನ್ ಹೇಳೋಕೂ ಟೈಮ್ ಇರಲ್ಲ. ಸಿಕ್ತು. ಟ್ಯೂಬ್ ಒಳಗೆ ರಕ್ತ ಇಳಿಯೋದನ್ನ ನೋಡಿ ಆ ಅಮ್ಮ "ಆತೇನೋ ತಮ್ಮಾ? ಗೊತ್ತಾ ಆಗಲಿಲ್ಲ ನೋಡು, ನಿನ್ನ ಕೈಗುಣ ಚೊಲೋ ಐತಿ" ಅಂದ್ರು.

ಕೈಗುಣ! ಈ ಮಾತು ಕೇಳಿದಾಗೆಲ್ಲ ಒಳಗೆ ಒಂದು ಥರ ಆಗತ್ತೆ, ಯಾಕಂದ್ರೆ ಈ ಕೆಲಸ ನಾನು ಬೇಕು ಅಂತ ಆರಿಸ್ಕೊಂಡಿದ್ದೇ ಅಲ್ಲ.

ಹತ್ತೊಂಬತ್ತನೇ ವಯಸ್ಸಲ್ಲಿ ಸಭೆಯಿಂದ, ಅಂದ್ರೆ ನಮ್ಮ ಚರ್ಚಿಂದ, ಒಂದು ಯೂತ್ ಕ್ಯಾಂಪ್‌ಗೆ ಹೋಗಿದ್ವಿ. ಕೊನೇ ರಾತ್ರಿ ಬೆಂಕಿ ಹಾಕಿ, ಗಿಟಾರ್ ಬಾರಿಸಿ, ಎಲ್ರೂ ಅತ್ತು ಕರೆದು ಆದ್ಮೇಲೆ ಪ್ರಸಂಗ ಮಾಡಿದವ್ರು "ಪೂರ್ತಿ ಜೀವನ ಸೇವೆಗೆ ಕೊಡೋರು ಮುಂದೆ ಬನ್ನಿ" ಅಂದ್ರು, ಎದ್ದು ಹೋದೆ. ನಾನೂ ನನ್ನ ಸ್ನೇಹಿತ ಒಬ್ಬನೂ. ಮಂಗಳೂರಿನ ಬಲ್ಮಠದಲ್ಲಿರೋ ಥಿಯಲಾಜಿಕಲ್ ಕಾಲೇಜಿಗೆ ಇಬ್ರೂ ಸೇರೋದು ಅಂತ ಮಾತಾಯ್ತು. ಅದೇ ವರ್ಷ ಅಪ್ಪನಿಗೆ ಲಕ್ವ ಹೊಡೀತು. ತಂಗಿ ಇನ್ನೂ ಪಿಯುಸಿ. ಅವನು ಹೋದ, ಇವತ್ತು ಅಯ್ಯನವರಾಗಿದ್ದಾನೆ (ಪಾದ್ರಿಗೆ ನಾವು ಹಾಗೆ ಅನ್ನೋದು), ಚೆನ್ನಾಗಿ ಪ್ರಸಂಗ ಮಾಡ್ತಾನೆ. ನಾನು ಬೇಗ ಸಂಬಳ ಬರೋ ಕೋರ್ಸ್ ಯಾವ್ದು ಅಂತ ಕೇಳ್ಕೊಂಡು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದೆ. ಸ್ವಲ್ಪ ದಿನಕ್ಕೆ ಅಂತ ಸೇರಿದ್ದು.

ಎಷ್ಟೋ ವರ್ಷ ನನಗೆ ದೇವರ ಮೇಲೆ ಒಂದು ಕೋಪ ಇತ್ತು, ಈಗ ಧೈರ್ಯವಾಗಿ ಹೇಳ್ತೀನಿ. ನಾನು ಬರ್ತೀನಿ ಅಂದೆ, ನೀನೇ ಬಾಗಿಲು ಹಾಕ್ದೆ, ಮತ್ತೆ ಯಾಕೆ ಕರೆದೆ ಅಂತ. ನಮ್ಮಲ್ಲಿ ದೇವರ ಚಿತ್ತ ಅಂದ್ರೆ ದೊಡ್ಡದೇ ಆಗಿರ್ಬೇಕು ಅನ್ನೋ ಥರ ಮಾತಾಡ್ತೀವಿ. ಬುಧವಾರದ ಮನೆಕೂಟದಲ್ಲಿ ಸಾಕ್ಷಿ ಹೇಳೋವಾಗ ನೋಡಿ, ಕೆನಡಾ ವೀಸಾ ಆಯ್ತು ಸ್ತೋತ್ರ, ಸೈಟ್ ರಿಜಿಸ್ಟ್ರೇಷನ್ ಆಯ್ತು ಸ್ತೋತ್ರ, ಮಗಳಿಗೆ ಸೀಟು ಸಿಕ್ತು ಸ್ತೋತ್ರ. ಖುಷಿನೇ, ಬೇಡ ಅನ್ನಲ್ಲ. ಆದ್ರೆ ವೀಸಾ ರಿಜೆಕ್ಟ್ ಆದವರು ಅದೇ ಚಾಪೆ ಮೇಲೆ ಹಿಂದೆ ಕೂತಿರ್ತಾರಲ್ಲ, ಅವರ ಪಾಲಿನ ದೇವರ ಚಿತ್ತ ಎಲ್ಲಿ ಹೋಯ್ತು? "ಬಿತ್ತನೆ ಕಾಣಿಕೆ ಹಾಕಿ, ನೂರ್ಪಟ್ಟು ಬರತ್ತೆ" ಅಂತ ಮೊಬೈಲಲ್ಲಿ ಕೂಗೋ ಪ್ರಸಂಗಗಳಂತೂ ನನಗೆ ಆಗಲ್ಲ, ಚಿಟ್ ಫಂಡ್ ಏಜೆಂಟ್ ಮಾತು ಕೇಳ್ದಂಗಿರತ್ತೆ.

ನಮ್ಮ ಅಜ್ಜಿ ಇದ್ದಿದ್ರೆ ಅದನ್ನೆಲ್ಲ ಕೇಳಿ ರೇಡಿಯೋ ಆಫ್ ಮಾಡು ಅಂತಿದ್ರು (ಮೊಬೈಲಿಗೂ ಅವರು ರೇಡಿಯೋ ಅಂತಾನೇ ಅನ್ನೋದು). ಅವರದ್ದು ಹಳೇ ಬಾಸೆಲ್ ಮಿಶನ್ ಮನೆತನ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಆ ಕ್ರೈಸ್ತ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ್ರು, ಮೂರು ವರ್ಷ ಬಿಟ್ಟು ಧಾರವಾಡಕ್ಕೆ. ಕ್ರೈಸ್ತರಾದವರನ್ನ ಜಾತಿಯಿಂದ ಹೊರಗೆ ಹಾಕಿ ಹೊಟ್ಟೆಪಾಡಿಗೆ ದಾರಿ ಇಲ್ದಂಗಾದಾಗ ಅವರು ನೇಯ್ಗೆ ಕಾರ್ಖಾನೆ ತೆಗೆದ್ರು, 1865ರಲ್ಲಿ ಹಂಚಿನ ಕಾರ್ಖಾನೆ. ಅಜ್ಜಿಯ ಅಜ್ಜ ಆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸೋ ಕೆಲಸದಲ್ಲಿದ್ರಂತೆ, ಜೀವನ ಪೂರ್ತಿ ಅದೇ. ಅವರು ಒಂದು ಸಲನಾದ್ರೂ ಎದ್ದು ನಿಂತು ಸಾಕ್ಷಿ ಹೇಳಿದ್ರು ಅಂತ ಯಾರೂ ಹೇಳಲ್ಲ. ಆದ್ರೆ ಅವರು ಕಲಸಿದ ಮಣ್ಣಿನ ಹಂಚು ಯಾರ್ಯಾರ ಮನೆ ಮೇಲೆ ಕೂತು ಮಳೆ ತಡೀತೋ! ಚಿಕ್ಕೋನಿದ್ದಾಗ ಅಜ್ಜಿ ಈ ಕಥೆ ಹೇಳಿದ್ರೆ ಆಕಳಿಕೆ ಬರ್ತಿತ್ತು.

ಆಮೇಲೆ ಮನ್ನದ ವಿಷಯ, ದೇವರು ದಿನಾ ಕೊಟ್ಟ ಆಹಾರ. ಭಾನುವಾರ ಸ್ಕೂಲಿಗೆ ಹೋದ ಎಲ್ರಿಗೂ ಗೊತ್ತಿರೋದೇ, ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯ. ಅರಣ್ಯದಲ್ಲಿ ಇಸ್ರಾಯೇಲ್ಯರು ಹಸಿವಾಯ್ತು ಅಂತ ಗೊಣಗ್ತಾರೆ, ಬೆಳಿಗ್ಗೆ ಮಂಜು ಆರಿದ ಮೇಲೆ ನೋಡಿದ್ರೆ ನೆಲದ ಮೇಲೆ ರವೆ ಥರ ಏನೋ ಬಿದ್ದಿದೆ, ಒಬ್ರಿಗೊಬ್ರು "ಇದೇನು" ಅಂತ ಕೇಳ್ತಾರೆ, ಹೆಸರು ಬಂದಿದ್ದೇ ಅದರಿಂದ. ಅವತ್ತಿಗೆ ಎಷ್ಟು ಬೇಕೋ ಅಷ್ಟೇ ಕೂಡಿಸ್ಕೋಬೇಕು. ನಾಳೆಗೆ ಅಂತ ಎತ್ತಿಟ್ಟವರದ್ದು ಹುಳ ಬಿದ್ದು ನಾತ ಹೊಡೀತು. ಸಬ್ಬತ್ತು, ಅಂದ್ರೆ ವಾರದ ವಿಶ್ರಾಂತಿ ದಿನ, ಅದರ ಹಿಂದಿನ ದಿನ ಮಾತ್ರ ಡಬಲ್. ಹೀಗೇ ನಲವತ್ತು ವರ್ಷ. ಮಧ್ಯದಲ್ಲಿ ಅವರಿಗೂ ಬೇಜಾರು ಬಂದು ಐಗುಪ್ತದ (ಈಜಿಪ್ಟಿನ) ಸೌತೆಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ನೆನೆಸ್ಕೊಂಡು ಅತ್ರು ಅಂತ ಬೈಬಲಿನದೇ ಅರಣ್ಯಕಾಂಡದಲ್ಲಿ ಬರತ್ತೆ. ನನಗೆ ಅವರ ಮೇಲೆ ಸಿಟ್ಟಿಲ್ಲಪ್ಪ, ಒಂದು ವಾರ ಬರೀ ಉಪ್ಪಿಟ್ಟು ಅಂದ್ರೆ ನಾನೇ ಗೊಣಗ್ತೀನಿ.

ಈ ಕಥೆ ಬೇರೆ ಬೆಳಕಲ್ಲಿ ಕಂಡಿದ್ದು ಲ್ಯಾಬ್‌ನಲ್ಲೇ. ರಿಸೆಪ್ಷನ್‌ನಲ್ಲಿರೋ ಅಕ್ಕ ಲಿಂಗಾಯತರು, ದಿನಾ ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂರ್ತೀವಿ, ಅವರ ಡಬ್ಬಿಯ ರೊಟ್ಟಿ ಎಣ್ಣೆಗಾಯಿ ಅರ್ಧ ನನಗೇ. ಒಂದಿನ ಮಾತಿಗೆ ಮಾತು ಬಂದು ನಾನು ಮನ್ನದ ಕಥೆ ಹೇಳ್ದೆ. ಅವರು ಕೈಯಲ್ಲಿದ್ದ ರೊಟ್ಟಿ ಹಂಗೇ ಹಿಡ್ಕೊಂಡು "ಅಯ್ಯ, ಇದು ನಮ್ಮ ಲಕ್ಕಮ್ಮನ ಕಥಿ ಆತಲ್ರೀ" ಅಂದ್ರು. ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದ ಗಂಡ ಹೆಂಡತಿ. ಒಂದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಇಷ್ಟು ಆಸೆ ನಮಗೆ ಯಾಕೆ, ಹೆಚ್ಚಿಗೆ ತಂದಿದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸ್ತಾಳೆ. ಹನ್ನೆರಡನೇ ಶತಮಾನದ ಈ ಹೆಣ್ಣುಮಗಳಿಗೆ ಸೀನಾಯಿ ಕಡೆ ಬಿದ್ದ ಮನ್ನದ ಕಥೆ ಯಾರೂ ಹೇಳಿರ್ಲಿಕ್ಕಿಲ್ಲ, ಆದ್ರೂ ನೋಡಿ.

ಅವತ್ತು ರಾತ್ರಿ ಮನೆಯಲ್ಲಿ ಪ್ರಾರ್ಥನೆ ಮಾಡೋವಾಗ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು" ಅನ್ನೋ ಕಡೆ ಬಾಯಿ ನಿಂತ್ಹೋಯ್ತು. ಈ ಹೊತ್ತು ಅಂತೆ. ಮೂರು ವರ್ಷ ತುಂಬೋ ಮುಂಚೆಯಿಂದ ಬಾಯಿಪಾಠ ಹೇಳ್ತಿದ್ದೀನಿ, ಕೇಳಿದ್ದು ಮಾತ್ರ ಯಾವಾಗ್ಲೂ ಒಂದೇ ಸಲಕ್ಕೆ ಇಡೀ ಜೀವನದ ರೇಷನ್. ಇಪ್ಪತ್ತು ವರ್ಷದ ಪ್ಲಾನ್ ಒಂದು ಹಾಳೆಯಲ್ಲಿ ಬರ್ಕೊಡು, ಸಹಿ ಹಾಕ್ತೀನಿ, ಅನ್ನೋ ಥರ.

ಹಾಗಂತ ಅವತ್ತಿಂದ ನಾನು ಸಂತ ಆಗ್ಬಿಟ್ಟೆ ಅನ್ಕೋಬೇಡಿ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಾನು ಮಾಡಿದ ಒಂದು ಘನಕಾರ್ಯ ಹೇಳ್ತೀನಿ. ಡೆಂಗಿ ಸೀಸನ್, ಪ್ಲೇಟ್‌ಲೆಟ್ ಟೆಸ್ಟಿಗೆ ಜನವೋ ಜನ, ಇಬ್ರು ರಜೆ. ಅವತ್ತು ಬೆಳಿಗ್ಗೆ ಕೀರ್ತನೆ ಓದಿ, ಚೆನ್ನಾಗಿ ಪ್ರಾರ್ಥನೆ ಮಾಡಿ ಬಂದಿದ್ದೆ ಅನ್ನೋದೂ ನೆನಪಿದೆ, ಅದೇ ತಮಾಷೆ. ಒಬ್ರು ಅಜ್ಜ ಬಂದ್ರು, ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವ್ರು, ಬಿಪಿ ಮಾತ್ರೆ ತಗೋಳ್ತಾರೆ ಅಂತ ಡಾಕ್ಟ್ರು ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ಬರೆದಿದ್ರು. ಅವಸರದಲ್ಲಿ ನೇರಳೆ ಮುಚ್ಚಳದ ಟ್ಯೂಬ್ ಮೊದ್ಲು ತುಂಬಿಸ್ದೆ, ಕೆಂಪು ಮುಚ್ಚಳದ್ದಕ್ಕೆ ಬರೋ ಹೊತ್ತಿಗೆ ನರ ಜಾರ್ತು, ಕಾಲು ಭಾಗನೂ ತುಂಬಿಲ್ಲ. ಮತ್ತೆ ಚುಚ್ಚಬೇಕಿತ್ತು. ಹೊರಗೆ ಕ್ಯೂ ಕೂಗ್ತಿದೆ. ಆ ಕಡೆ ಈ ಕಡೆ ನೋಡಿ, ನೇರಳೆಯದರಿಂದ ಸ್ವಲ್ಪ ಕೆಂಪಿನದಕ್ಕೆ ಸುರಿದುಬಿಟ್ಟೆ.

ಈ ಫೀಲ್ಡಲ್ಲಿ ಇರೋರು ಈಗ ತಲೆ ಚಚ್ಚಿಕೊಳ್ತಿರ್ತೀರಿ. ಬೇರೆಯವರಿಗೆ ಹೇಳೋದಾದ್ರೆ, ನೇರಳೆ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತ ಇಡಿಟಿಎ ಹಾಕಿರ್ತಾರೆ, ಅದರಲ್ಲಿ ಪೊಟ್ಯಾಸಿಯಂ ಇರತ್ತೆ, ಮೇಲಿಂದ ಅದು ರಕ್ತದ ಕ್ಯಾಲ್ಸಿಯಂ ಹಿಡ್ಕೊಂಡುಬಿಡತ್ತೆ. ಒಂದು ಸ್ವಲ್ಪ ಸೇರಿದ್ರೂ ರಿಪೋರ್ಟಲ್ಲಿ ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಫಸ್ಟ್ ಇಯರ್‌ನಲ್ಲಿ ಕಲಿಸೋ ಪಾಠ ಇದು. ಐದರ ಒಳಗೆ ಇರ್ಬೇಕಾದ ಪೊಟ್ಯಾಸಿಯಂ ಎಂಟು ದಾಟಿತ್ತು. ಮಷಿನ್ ಮುಂದೆ ಕೂತಿದ್ದ ಹುಡುಗ ಬಂದು "ಸರ್, ಈ ಪೇಶಂಟ್ ಉಸಿರಾಡ್ತಿದಾರಾ?" ಅಂದ.

ನಾನು ಏನಂದೆ ಗೊತ್ತಾ, "ಸ್ಯಾಂಪಲ್ ಹಾಳಾಗಿರ್ಬೇಕು, ಮನೆಗೇ ಹೋಗಿ ಇನ್ನೊಂದು ತರ್ತೀನಿ ಬಿಡು." ಸುಳ್ಳೂ ಅಲ್ಲ, ನಿಜಾನೂ ಅಲ್ಲ. ಅವನು ನನ್ನ ಮುಖ ಒಂದು ಸಲ ನೋಡಿ ಸುಮ್ನಾದ. ಮಧ್ಯಾಹ್ನ ಎಣ್ಣೆಗಾಯಿ ಗಂಟಲಲ್ಲಿ ಇಳೀಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ರ ಜೊತೆ ಪಾಪದ ಅರಿಕೆ ಓದ್ತೀವಲ್ಲ, ಎಷ್ಟು ಸಲೀಸಾಗಿ ಓದ್ತೀನಿ ನಾನು, ಪುಟ ನೋಡೋದೂ ಬೇಕಿಲ್ಲ. ಯಾವ ತಪ್ಪು, ಯಾರ ಹತ್ರ ಅಂತ ಹೆಸರಿಟ್ಟು ಹೇಳೋವಾಗ ಮಾತ್ರ ನಾಲಿಗೆ ಒಣಗತ್ತೆ.

ಸಂಜೆ ಗದಗ ರೋಡ್ ಕಡೆ ಅವರ ಮನೆ ಹುಡ್ಕೊಂಡು ಹೋದೆ. ಅವರು ಬನಿಯನ್‌ನಲ್ಲಿ ಕೂತು ಟೇಬಲ್ ಫ್ಯಾನ್ ಬಿಚ್ಚಿ ಎಣ್ಣೆ ಬಿಡ್ತಿದ್ರು. ಸ್ಕ್ರೂಗಳನ್ನ ಒಂದು ಪೇಪರ್ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ರು. ರಕ್ತ ತಗೊಂಡೆ, ಈ ಸಲ ಕೆಂಪು ಮೊದ್ಲು. ಹತ್ತಿ ಒತ್ತಿ ಹಿಡಿದು ನಿಂತವನು ಹೇಳೇಬಿಟ್ಟೆ. ತಪ್ಪು ಸ್ಯಾಂಪಲ್ದಲ್ಲ ಅಜ್ಜಾರ, ನಂದು, ನಾನೇ ಅವಸರದಾಗ ಕಲಬೆರಕಿ ಮಾಡಿದೆ, ಅಂತ. ಅವರು ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. ಆಮೇಲೆ ಫ್ಯಾನಿನ ಜಾಲರಿ ಕೈಗೆ ತಗೊಂಡು, "ನಾನೂ ಮೂವತ್ತೈದು ವರ್ಷ ಬೋಲ್ಟ್ ಬಿಗದೇನಿ ತಮ್ಮಾ. ಒಂದೊಂದು ಸಲ ಲೂಜ್ ಬಿಟ್ಟು ಮನೀಗೆ ಬಂದೇನಿ. ರಾತ್ರಿ ನೆನಪಾದ್ರ ನಿದ್ದಿ ಹತ್ತಂಗಿಲ್ಲ. ಮುಂಜಾನೆದ್ದು ಎಲ್ಲಾರಕಿಂತ ಮೊದಲ ಹೋಗಿ ಬಿಗದೇನಿ. ನೀ ಇವತ್ತ ಬಂದಿಯಲ್ಲ, ಆತು ಬಿಡು, ಚಾ ಕುಡಿ" ಅಂದ್ರು.

ಚಾ ಕುಡಿದೆ. ಸಕ್ಕರೆ ಜಾಸ್ತಿ ಇತ್ತು, ಶುಗರ್ ಇಲ್ಲದ ಮನೆಯ ಚಾ. ಅವರು ಮಾರುತಿ ಭಕ್ತರು, ಗೋಡೆ ಮೇಲೆ ದೊಡ್ಡ ಫೋಟೋ ಇತ್ತು, ನಾನು ಏನು, ಯಾವ ಸಭೆ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ. ಅರಿಕೆ ಆದ್ಮೇಲೆ ಅಯ್ಯನವರು ಕೈ ಎತ್ತಿ ಕ್ಷಮೆಯ ಮಾತು ಹೇಳ್ತಾರಲ್ಲ, ಅದು ಅವತ್ತು ಎಣ್ಣೆ ಮೆತ್ತಿದ ಕೈಯಿಂದ ಬಂತು, ಚಾ ಬಸಿಯ ಜೊತೆ. ಬೇರೆಯವರು ಏನಾದ್ರೂ ಅನ್ಲಿ, ನನಗೆ ಅದು ಕೃಪೆನೇ. ಮರುದಿನ ಡಾಕ್ಟ್ರ ಹತ್ರ, ಆ ಹುಡುಗನ ಹತ್ರ ಕೂಡ ಹೇಳ್ದೆ. ಡಾಕ್ಟ್ರು ಚಾ ಗೀ ಏನೂ ಕೊಡ್ಲಿಲ್ಲ, ಚೆನ್ನಾಗಿ ಉಗಿದ್ರು. ಅದೂ ಬೇಕಿತ್ತು.

ಅಯ್ಯನವರಾದ ಸ್ನೇಹಿತ ಹೋದ ಕ್ರಿಸ್ಮಸ್‌ಗೆ ಮನೆಗೆ ಬಂದಿದ್ದ. ರೋಸ್ ಕುಕೀಸ್ ತಿಂತಾ, ನೀನು ಆವಾಗ ಬಂದಿದ್ರೆ ಅಂತ ಶುರು ಮಾಡಿದವನು ತಾನೇ ನಿಲ್ಲಿಸಿ, "ನಂಗೆ ದಿನಕ್ಕೆ ಐವತ್ತು ಜನ ಕೈ ಕೊಡಲ್ಲ ಕಣೋ" ಅಂದ. ಅವನಿಗೂ ಅವನದೇ ಆದ ಸುಸ್ತು ಇದೆ ಅಂತ ಆವತ್ತೇ ಗೊತ್ತಾಗಿದ್ದು, ಸಭೆಯ ಜಗಳ, ಕಮಿಟಿ, ಟ್ರಾನ್ಸ್‌ಫರ್, ಅದೆಲ್ಲ ಇಲ್ಲಿ ಬೇಡ. ಇಬ್ರೂ ಅವತ್ತು ರಾತ್ರಿ ಟೆರೇಸ್ ಮೇಲೆ ಕೂತು ತುಂಬಾ ಹೊತ್ತು ಪ್ರಾರ್ಥನೆ ಮಾಡಿದ್ವಿ, ಏನು ಕೇಳಿದ್ವಿ ಅಂತ ನೆನಪಿಲ್ಲ, ಸೊಳ್ಳೆ ಮಾತ್ರ ಸಿಕ್ಕಾಪಟ್ಟೆ ಕಚ್ಚಿದ್ವು.

ಆ ಫಿಟ್ಟರ್ ಅಜ್ಜ ಈಗ ಮೂರು ತಿಂಗಳಿಗೊಮ್ಮೆ ಬರ್ತಾರೆ. ಬೇರೆಯವರ ಕುರ್ಚಿ ಖಾಲಿ ಇದ್ರೂ ಕೂರಲ್ಲ, "ಆ ಹುಡುಗ ಬರಲಿ" ಅಂತ ಕಾಯ್ತಾರೆ, ನನಗೆ ನಲವತ್ತು ದಾಟಿದೆ ಅಂದ್ರೂ ಕೇಳಲ್ಲ. ಮೊನ್ನೆ ಸೋಮವಾರನೂ ಬಂದಿದ್ರು. ತೋಳು ಮಡಚಿ ಕೈ ಚಾಚಿದ್ರು, ನಾನು ಪಟ್ಟಿ ಕಟ್ಟಿ ನರ ಹುಡುಕ್ತಿದ್ದೆ, ಅವರ ಕಣ್ಣು ಮಾತ್ರ ಟ್ರೇ ಮೇಲೆ.

"ಯಾವ ಬಣ್ಣದ್ದು ಮೊದಲ?"

"ಕೆಂಪು ಅಜ್ಜಾರ. ನ್ಯಾರಳಿ ಆಮ್ಯಾಲೆ."

"ಹಂಗಾರ ಚುಚ್ಚು."