ಕ್ರಿಸ್‌ಮಸ್‌ಗೆ ಎಂಟು ದಿನ ಮೊದಲು

ನಿನ್ನೆ ರಾತ್ರಿ ಅಡುಗೆಮನೆ ಒರೆಸಿ ಮುಗಿಸಿ, ಮೊಬೈಲಿನಲ್ಲಿ ಅಮೆರಿಕದ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್‌ನ ಹಳೆಯ ಟಿವಿ ಕಾರ್ಯಕ್ರಮದ ಕಪ್ಪು-ಬಿಳುಪು ತುಣುಕುಗಳನ್ನು ನೋಡುತ್ತಾ ಕುಳಿತೆ. ಒತ್ತಿ ಹೇಳುವ ಆತುರವಿಲ್ಲ, ಕೈಕಾಲಿನ ಆರ್ಭಟವಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತನಾಡಿದಷ್ಟು ಮೆತ್ತಗೆ ಹಾಡುತ್ತಾನೆ.

ಆತನ ಹೆಸರಿಗೇ ಅಂಟಿಕೊಂಡಿರುವ 'ದಿ ಕ್ರಿಸ್‌ಮಸ್ ಸಾಂಗ್' ಹುಟ್ಟಿದ್ದು 1945ರ ಸುಡುಬೇಸಿಗೆಯಲ್ಲಂತೆ. ಮೆಲ್ ಟಾರ್ಮೆ ಮತ್ತು ರಾಬರ್ಟ್ ವೆಲ್ಸ್ ಬೆವರೊರೆಸಿಕೊಳ್ಳುತ್ತಾ ಚಳಿಯನ್ನು ಕಲ್ಪಿಸಿಕೊಂಡರು. (ಬೆಂಗಳೂರಿನ ಏಪ್ರಿಲ್‌ನಲ್ಲಿ ನನಗೆ ಹೊಳೆಯುವುದು ಮಜ್ಜಿಗೆ ಮಾತ್ರ.)

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1956ರ ನವೆಂಬರಿನಲ್ಲಿ ಆತನ ಟಿವಿ ಕಾರ್ಯಕ್ರಮ ಆರಂಭವಾಯಿತು. ಎಲಾ ಫಿಟ್ಜ್‌ಜೆರಾಲ್ಡ್, ಹ್ಯಾರಿ ಬೆಲಾಫಾಂಟೆಯಂಥ ಹೆಸರಾಂತ ಗಾಯಕರು ಬಂದು ಹಾಡಿದರು. ಆದರೆ ಕಪ್ಪು ನಿರೂಪಕನ ಜೊತೆ ತಮ್ಮ ಸರಕಿನ ಹೆಸರು ಸೇರಿಸಲು ಕೊನೆಯವರೆಗೆ ಜೊತೆ ನಿಲ್ಲುವ ದೇಶವ್ಯಾಪಿ ಪ್ರಾಯೋಜಕರು ಯಾರೂ ಸಿಗಲಿಲ್ಲ. ವರ್ಣಭೇದ ಬಿಗಿಯಾಗಿದ್ದ ದಕ್ಷಿಣ ಅಮೆರಿಕನ್ ರಾಜ್ಯಗಳ ಬಿಳಿಯ ಗಿರಾಕಿಗಳು ಮುನಿದಾರೆಂಬ ಅಂಜಿಕೆ. ಜಾಹೀರಾತು ಲೋಕಕ್ಕೆ ಕತ್ತಲೆಂದರೆ ಭಯ ಎಂದು ಕೋಲ್ ಚುಚ್ಚಿದ್ದು ಸುಮ್ಮನೆ ಅಲ್ಲ. ಕೊನೆಯ ಕಂತು 1957ರ ಡಿಸೆಂಬರ್ 17ರಂದು.

ಈಗ ಡಿಸೆಂಬರ್ ಬಂದರೆ ಮಾಲ್‌ಗಳಲ್ಲಿ ಸ್ವೆಟರಿನಿಂದ ಕೇಕಿನವರೆಗೆ ಎಲ್ಲವನ್ನೂ ಮಾರಲು ಹಾಕುವುದು ಅದೇ ದನಿಯನ್ನು. ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಹಾಡನ್ನು ಮತ್ತೆ ಮೊದಲಿನಿಂದ ಹಾಕಿದೆ.