ಯಾರೋ ರಫು ಮಾಡಿದ ಅಂಗಿ

ಮಾರ್ಚ್ 23, 2025, ಭಾನುವಾರ, ರಾತ್ರಿ

ಸಂಜೆ ಅಮ್ಮ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ದಿನವೆಲ್ಲ ಎಷ್ಟು ಹಗುರವಾಗಿ ಕಳೆದಿತ್ತೆಂದರೆ, ಅದರ ಕುರಿತು ನಾಲ್ಕು ಸಾಲು ಬರೆದು ಮಲಗಿಬಿಡಬೇಕೆಂದು ಮಧ್ಯಾಹ್ನವೇ ನಿಶ್ಚಯಿಸಿಕೊಂಡಿದ್ದೆ. ಕೆರೆಯ ದಂಡೆ, ಹೊಸ ಚಿಗುರು, ಹಸಿ ಬಟಾಣಿ, ಹಳೆಯ ಅಂಗಿ, ಇಷ್ಟರಲ್ಲೇ ಪುಟ ತುಂಬುತ್ತದೆ ಎಂಬ ಲೆಕ್ಕ ನನ್ನದು. ಈಗ ಬರೆಯಲು ಕುಳಿತರೆ ಎಲ್ಲವೂ ಆ ಅಂಗಿಯ ಸುತ್ತಲೇ ಸುತ್ತುತ್ತಿದೆ.

ಅಂಗಿಯನ್ನು ಕೊಂಡು ಎರಡು ವಾರವಾಯಿತು. ಹಳೆಯ ಬಟ್ಟೆಗಳ ಅಂಗಡಿಗೆ ಹೋದರೆ ನಾನು ಬಣ್ಣವನ್ನು ಕೊನೆಗೆ ನೋಡುವವಳು. ಮೊದಲು ಬಟ್ಟೆಯನ್ನು ಒಳಮೈ ಮಾಡಿ ಹೊಲಿಗೆ ನೋಡುತ್ತೇನೆ, ಆಮೇಲೆ ಕಂಕುಳ ಭಾಗವನ್ನು, ಕಾಲರಿನ ಮಡಿಕೆಯನ್ನು, ಕೈಪಟ್ಟಿಯ ಅಂಚನ್ನು ಬೆಳಕಿಗೆ ಹಿಡಿಯುತ್ತೇನೆ, ಏಕೆಂದರೆ ಅಂಗಿ ಸವೆಯುವುದು ಈ ಜಾಗಗಳಲ್ಲೇ ಮೊದಲು. ಇದರಲ್ಲಿ ಕಾಲರು ಗಟ್ಟಿಯಾಗಿತ್ತು. ಗುಂಡಿಗಳು ಬಲಬದಿಗಿದ್ದುದರಿಂದ ಗಂಡಸರಿಗೆಂದು ಹೊಲಿದದ್ದು ಎಂದು ತಿಳಿಯಿತು. ಒಂದು ಗುಂಡಿಯನ್ನು ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು. ಪ್ಲಾಸ್ಟಿಕ್ ಗುಂಡಿ ಮೈಗೆ ಹಾಗೆ ತಣ್ಣಗೆ ತಾಗುವುದಿಲ್ಲ, ಚಿಪ್ಪಿನ ಗುಂಡಿ ತಾಗುತ್ತದೆ. ಅಂಗಡಿಯಲ್ಲಿ ನಿಂತು ಗುಂಡಿಯನ್ನು ಕೆನ್ನೆಗೆ ಒತ್ತಿಕೊಳ್ಳುವ ಹೆಂಗಸನ್ನು ಉಳಿದವರು ಹೇಗೆ ನೋಡುತ್ತಾರೆ ಎಂಬ ಚಿಂತೆಯನ್ನು ನಾನು ಬಿಟ್ಟು ಬಹಳ ಕಾಲವಾಗಿದೆ.

ಬಟ್ಟೆ ಲಿನನ್. ಅಗಸೆ ಗಿಡದ ನಾರಿನಿಂದ ನೇಯುವ ಈ ಬಟ್ಟೆ ಹೊಸದಿರುವಾಗ ಸ್ವಲ್ಪ ಬಿರುಸು, ಒಗೆದಷ್ಟೂ ಮೆತ್ತಗಾಗುತ್ತ ಹೋಗುತ್ತದೆ. ಆದ್ದರಿಂದ ಲಿನನ್ನಿನ ಮಟ್ಟಿಗೆ ಹಳೆಯದನ್ನು ಕೊಳ್ಳುವುದೆಂದರೆ ಇನ್ನೊಬ್ಬರು ವರ್ಷಗಟ್ಟಲೆ ಮಾಡಿದ ಕೆಲಸವನ್ನು ಸುಮ್ಮನೆ ಪಡೆದುಕೊಂಡಂತೆ. ಎಡ ಮೊಣಕೈಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ರಫು ಮಾಡಿದ್ದರು. ದಾರದ ಬಣ್ಣ ಬಟ್ಟೆಗಿಂತ ಒಂದು ಛಾಯೆ ಗಾಢ. ಉದ್ದ ಎಳೆಗಳ ನಡುವೆ ಅಡ್ಡ ಎಳೆಗಳನ್ನು ಒಂದು ಮೇಲೆ, ಒಂದು ಕೆಳಗೆ ಎಂದು ದಾಟಿಸಿ ಪುಟ್ಟದೊಂದು ಬಟ್ಟೆಯನ್ನೇ ಅಲ್ಲಿ ನೇಯ್ದಿದ್ದರು, ಅದೂ ತೂತಿನ ಅಂಚಿನಿಂದ ಶುರುಮಾಡದೆ ಅದರಾಚೆ ಗಟ್ಟಿ ಬಟ್ಟೆ ಇರುವಲ್ಲಿಂದ ಶುರುಮಾಡಿದ್ದರು. ಅದನ್ನು ನೋಡಿದ ಮೇಲೆ ಅಂಗಿಯನ್ನು ವಾಪಸ್ ಕಂಬಿಗೆ ತೂಗುಹಾಕಲು ಮನಸ್ಸು ಬರಲಿಲ್ಲ. ಒಳಮೈಯಲ್ಲಿ ಮಾತ್ರ ಪ್ರತಿ ತಿರುವಿನಲ್ಲೂ ದಾರ ಸಣ್ಣ ಸಣ್ಣ ಕುಣಿಕೆಗಳಾಗಿ ಸಡಿಲವಾಗಿ ಉಳಿದಿತ್ತು. ಹೊರಗೆ ಅಷ್ಟು ಅಚ್ಚುಕಟ್ಟಾಗಿ ಮಾಡಿದವರು ಒಳಗೆ ಅವಸರ ಮಾಡಿದ್ದಾರೆ ಎಂದುಕೊಂಡು, ಮನೆಗೆ ತಂದ ರಾತ್ರಿಯೇ ಕತ್ತರಿ ತೆಗೆದುಕೊಂಡು ಕೆಲವನ್ನು ಕತ್ತರಿಸಿ ಓರಣ ಮಾಡಿದೆ.

ನುಸಿಗುಳಿಗೆಯ ವಾಸನೆಯೊಂದು ಕಾಡಿತು. ಎರಡು ಸಲ ಒಗೆದರೂ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಅದು ಕರ್ಪೂರದಂತೆ ಗಟ್ಟಿಯಿಂದ ನೇರವಾಗಿ ಗಾಳಿಯಾಗುವ ವಸ್ತು; ಅದಕ್ಕೆ ಬೇಕಾದದ್ದು ಸಾಬೂನಿಗಿಂತ ಹೆಚ್ಚಾಗಿ ಬೆಚ್ಚಗಿನ ಗಾಳಿ. ಹತ್ತು ದಿನ ಹಗ್ಗದ ಮೇಲೆ ಬಿಟ್ಟೆ. ಚಳಿಗಾಲದಲ್ಲಾಗಿದ್ದರೆ ತಿಂಗಳಾದರೂ ಹಿಡಿಯುತ್ತಿತ್ತೇನೋ. ನಿನ್ನೆ ಮೂಗಿಗೆ ಹಿಡಿದಾಗ ಬರಿಯ ಬಿಸಿಲಿನ ವಾಸನೆ ಇತ್ತು.

ಹಾಗಾಗಿ ಇವತ್ತು ಅದನ್ನೇ ತೊಟ್ಟು, ತೋಳನ್ನು ಮಡಚಿಕೊಳ್ಳದೆ, ತಂಗಿಯ ಜೊತೆ ಕೆರೆಗೆ ಹೋದೆ. ಬಸ್ಸಿನಲ್ಲಿ ಒಂದು ಗಂಟೆ, ಆಮೇಲೆ ಅರ್ಧ ಗಂಟೆಯ ನಡಿಗೆ, ನಮ್ಮ ಪ್ರವಾಸಗಳೆಲ್ಲ ಇಷ್ಟೇ. ಬೆಳಿಗ್ಗೆ ಹೊರಟು ಕತ್ತಲಾಗುವ ಮುನ್ನ ಮನೆ ಸೇರುವ ಪ್ರಯಾಣಕ್ಕೆ ಚೀಲ ಕಟ್ಟುವ ಗೊಡವೆಯಿಲ್ಲ, ಬಂದ ಮೇಲೆ ಒಗೆಯುವ ರಾಶಿಯಿಲ್ಲ, ಹೋಗಿದ್ದೇಕೆ ಎಂದು ಯಾರಿಗೂ ವಿವರಣೆ ಕೊಡಬೇಕಾಗಿಯೂ ಇಲ್ಲ. ಮೊನ್ನೆ ಗುರುವಾರವಷ್ಟೇ ಹಗಲು ರಾತ್ರಿ ಸಮನಾಗುವ ದಿನ ಕಳೆಯಿತು. ಸಮ ಎನ್ನುವುದು ಬಾಯಿಮಾತಿಗೆ. ವಾತಾವರಣವು ಬೆಳಕನ್ನು ಬಾಗಿಸಿ ಸೂರ್ಯನನ್ನು ದಿಗಂತದ ಮೇಲೆ ಇನ್ನಷ್ಟು ಹೊತ್ತು ತೋರಿಸುವುದರಿಂದ ಅಂದೇ ಹಗಲು ರಾತ್ರಿಗಿಂತ ಕೆಲವು ನಿಮಿಷ ಉದ್ದವಾಗಿರುತ್ತದೆ. ವರ್ಷದಲ್ಲಿ ಹಗಲು ಅತಿ ವೇಗವಾಗಿ ಬೆಳೆಯುವ ದಿನಗಳೂ ಇವೇ. ಡಿಸೆಂಬರಿನ ಕೊನೆಯಲ್ಲಿ ವಾರ ಕಳೆದರೂ ವ್ಯತ್ಯಾಸ ತಿಳಿಯುವುದಿಲ್ಲ, ಈಗ ಒಂದು ಭಾನುವಾರದಿಂದ ಇನ್ನೊಂದಕ್ಕೆ ಸಂಜೆ ಹಿಗ್ಗಿದ್ದು ಕಣ್ಣಿಗೇ ಕಾಣುತ್ತದೆ. ಆ ಹೆಚ್ಚುವರಿ ಬೆಳಕನ್ನು ಏನು ಮಾಡಬೇಕೆಂದು ತಿಳಿಯದೆ ಜನ ದಂಡೆಯ ಮೇಲೆ ಸುಮ್ಮನೆ ನಿಂತಿದ್ದರು.

ದಂಡೆಯ ಮರಗಳ ಚಿಗುರು ಇನ್ನೂ ಹಸಿರಾಗಿಲ್ಲ, ತಾಮ್ರದ ಬಣ್ಣದಲ್ಲಿದೆ. ಎಳೆ ಎಲೆಯ ಆ ಕೆಂಪು ಆಂಥೋಸಯಾನಿನ್ ಎಂಬ ಬಣ್ಣದ್ದು, ಹಸಿರು ಬಲಿಯುವ ತನಕ ಅದು ಎಲೆಗೆ ಬಿಸಿಲಿನಿಂದ ಕೊಡೆ ಹಿಡಿಯುತ್ತದೆ ಎನ್ನುತ್ತಾರೆ. ಒಂದು ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿದೆ. ಅದಕ್ಕಿನ್ನೂ ಎಲೆಯ ಗಡಸು ಬಂದಿರಲಿಲ್ಲ, ಒದ್ದೆ ರೇಷ್ಮೆಯಂತೆ ಜೋತುಬಿದ್ದಿತ್ತು. ತಂಗಿ ಅಷ್ಟರಲ್ಲಿ ನನ್ನ ತೋಳನ್ನು ಹಿಡಿದು, "ಅಕ್ಕಾ, ಇಲ್ಲೊಂದು ದಾರ ಎದ್ದಿದೆ, ಎಳೆದುಬಿಡಲಾ?" ಎಂದಳು. ಎಳೆಯಬೇಡ, ಒಳಗೆ ತಳ್ಳು ಎಂದೆ. ತಳ್ಳಿದಳು. ಅರ್ಧ ಗಂಟೆಯಲ್ಲಿ ಅದು ಮತ್ತೆ ಎದ್ದಿತ್ತು.

ಬರುವಾಗ ಒಂದು ಚೀಲ ಹಸಿ ಬಟಾಣಿ ತಂದೆ. ಬಟಾಣಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ, ಕೊಂಡ ದಿನವೇ ಬೇಯಿಸಬೇಕು. ಬಳ್ಳಿಯಿಂದ ಬಿಡಿಸಿದ ಗಳಿಗೆಯಿಂದ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಮರುದಿನದ ಬಟಾಣಿ ಹಿಟ್ಟುಹಿಟ್ಟಾಗುವುದು ಅದಕ್ಕೇ. ತಳಿವಿಜ್ಞಾನಕ್ಕೆ ಬುನಾದಿ ಹಾಕಿದ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದುಂಡು ಕಾಳು, ಸುಕ್ಕು ಕಾಳು ಎಂದು ಎಣಿಸಿದನಲ್ಲ, ಆ ಸುಕ್ಕಿನ ಹಿಂದೆ ಇರುವುದೂ ಇದೇ ಸಕ್ಕರೆಯ ಕಥೆ. ಸಕ್ಕರೆಯನ್ನು ಪಿಷ್ಟ ಮಾಡುವ ಕೆಲಸದಲ್ಲಿ ಹಿಂದೆ ಬಿದ್ದ ಕಾಳು ನೀರನ್ನು ಹೆಚ್ಚು ಹಿಡಿದಿಟ್ಟು, ಒಣಗಿದಾಗ ಸುಕ್ಕಾಗುತ್ತದೆ. ಬಾಯಿಗೆ ಸಿಹಿಯಾಗಿರುವುದು ಅದೇ. ಹಸಿಯಿರುವಾಗ ಎರಡೂ ದುಂಡಗೆ ಕಾಣುವುದರಿಂದ ಅಡುಗೆಮನೆಯಲ್ಲಿ ಆ ಜ್ಞಾನದಿಂದ ಉಪಯೋಗವೇನೂ ಇಲ್ಲ ಎನ್ನಿ. ನನ್ನ ಕ್ರಮ ಬಹಳ ಸರಳ. ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಕುದಿಸಿ, ಕಾಳು ಹಾಕಿ, ಮುಚ್ಚಳ ಮುಚ್ಚದೆ ಎರಡು ಮೂರು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದು, ಬೆಣ್ಣೆ ಕಾಳುಮೆಣಸು ಬೆರೆಸುವುದು. ಮುಚ್ಚಳ ಮುಚ್ಚಿದರೆ ಕಾಳಿನಿಂದ ಹೊರಟ ಆಮ್ಲ ಆವಿಯಾಗಿ ಹೋಗದೆ ನೀರಿಗೇ ಮರಳಿ, ಹಸಿರಿನ ನಡುವಿನ ಮೆಗ್ನೀಸಿಯಮ್ಮನ್ನು ಕಿತ್ತು, ಬಣ್ಣವನ್ನು ಮಂಕಾಗಿಸುತ್ತದೆ.

ನೀರು ಕುದಿಯಲಿಟ್ಟು ಕಾಳು ಬಿಡಿಸುತ್ತಿದ್ದಾಗಲೇ ಅಮ್ಮನ ಫೋನು ಬಂದದ್ದು. ತಂಗಿ ದಾರಿಯಲ್ಲೇ ನಮ್ಮ ಫೋಟೋ ಕಳಿಸಿದ್ದಳಂತೆ. ಊಟ, ಆರೋಗ್ಯ, ತಂಗಿಯ ಕೆಮ್ಮು ಎಲ್ಲ ಮುಗಿದ ಮೇಲೆ ಅಮ್ಮ, "ಆ ಅಂಗಿ ಯಾರದು?" ಎಂದಳು. ನನ್ನದೇ, ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೊಂಡದ್ದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅತ್ತ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಧ್ವನಿ ತಗ್ಗಿಸಿ, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ, "ನಿನಗೆ ಏನಾದರೂ ಕಷ್ಟ ಇದೆಯಾ? ಇದ್ದರೆ ಹೇಳು" ಎಂದಳು.

ನನಗೆ ನಗು ಬಂತು, ನಕ್ಕೂಬಿಟ್ಟೆ. ಅದು ತಪ್ಪಾಯಿತು. ನಗುವನ್ನು ಸರಿಪಡಿಸಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿ, ಒಂದು ಹತ್ತಿ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆಂಬ ಅಂದಾಜಿದೆ, ಹಳೆಯದನ್ನು ತೊಟ್ಟರೆ ಅಷ್ಟು ಉಳಿಯುತ್ತದೆ ಎಂದು ವಿವರಿಸತೊಡಗಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ನಾವೇನು ನೀರು ಉಳಿಸೋಕೆ ಹಾಕ್ಕೊಂಡಿರಲಿಲ್ಲ ಕಣೇ" ಎಂದಳು.

ಅವಳು ಮದುವೆಯಾಗುವ ತನಕ ತನಗೆಂದೇ ಹೊಲಿಸಿದ ಬಟ್ಟೆ ತೊಟ್ಟದ್ದು ಎರಡೋ ಮೂರೋ ಸಲ. ಉಳಿದದ್ದೆಲ್ಲ ದೊಡ್ಡಮ್ಮನಿಂದ ಇಳಿದು ಬಂದದ್ದು, ಅಂಚು ಬಿಚ್ಚಿ ಉದ್ದ ಮಾಡಿದ್ದು, ಪಕ್ಕ ಹಿಡಿದು ಸಣ್ಣ ಮಾಡಿದ್ದು. ಅಪ್ಪನ ಅಂಗಿಯ ಕಾಲರು ಸವೆದಾಗ ಅದನ್ನು ಬಿಚ್ಚಿ ತಿರುಗಿಸಿ, ಒಳಬದಿಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಂಗಿಗೆ ಇನ್ನೆರಡು ವರ್ಷ ಆಯಸ್ಸು ಬರುತ್ತಿತ್ತು. ಆ ಕೆಲಸವನ್ನು ಅವಳು ರಾತ್ರಿ ಮಾಡುತ್ತಿದ್ದಳು, ಯಾರಾದರೂ ಬಂದರೆ ಬಟ್ಟೆಯನ್ನು ಮಡಿಲಿನಿಂದ ಎತ್ತಿ ದಿಂಬಿನ ಹಿಂದೆ ಇಡುತ್ತಿದ್ದಳು. ರಫು ಕಾಣಿಸದಿರುವುದೇ ಅವರ ಕಾಲದ ಜಾಣ್ಮೆ. ಈಗ ಬೇಕೆಂದೇ ಬೇರೆ ಬಣ್ಣದ ದಾರದಿಂದ, ಎದ್ದು ಕಾಣುವಂತೆ ತೇಪೆ ಹಾಕುವುದನ್ನು ಕಲಿಸುವವರಿದ್ದಾರೆ, ನಾನೂ ಕಲಿತಿದ್ದೇನೆ. ಮೊಣಕೈಯ ಆ ಗುರುತು ಕಾಣಲಿ ಎಂದೇ ಇವತ್ತು ತೋಳು ಮಡಚಿರಲಿಲ್ಲ. ಫೋಟೋದಲ್ಲಿ ಅಮ್ಮನ ಕಣ್ಣಿಗೆ ಬಿದ್ದದ್ದು ಅದೇ.

ನಾನು ಇದನ್ನು ಖುಷಿಗೆ ಮಾಡುತ್ತಿದ್ದೇನೆ ಎಂದು ಹೇಳುವುದು ಸುಲಭವಿತ್ತು, ಹೇಳಿದೆ ಕೂಡ. ಆದರೆ ಹೇಳುತ್ತಿರುವಾಗಲೇ, ಬೇಡವೆನಿಸಿದ ದಿನ ಹೊಸದನ್ನು ಕೊಳ್ಳಬಲ್ಲವಳಿಗೆ ಮಾತ್ರ ಹಳೆಯದು ಹೀಗೆ ಖುಷಿ ಕೊಡುತ್ತದೆಯೇನೋ ಎನಿಸಿ ಮಾತು ತಡವರಿಸಿತು. ಅಮ್ಮ ಅದನ್ನು ಗಮನಿಸಿದಳೋ ಇಲ್ಲವೋ ತಿಳಿಯದು. ಅವಳ ಧ್ವನಿ ಇದ್ದಕ್ಕಿದ್ದಂತೆ ಬದಲಾಗಿ, ದಿನಸಿಯ ಗುಣಮಟ್ಟ ವಿಚಾರಿಸುವವಳಂತೆ, "ರಫು ಯಾರು ಮಾಡಿದ್ದು? ಒಳಗೆ ತಿರುಗಿಸಿ ನೋಡು, ತಿರುವಿನಲ್ಲಿ ಕುಣಿಕೆ ಬಿಟ್ಟಿದ್ದಾರಾ?" ಎಂದಳು.

ಬಿಟ್ಟಿದ್ದಾರೆ ಎಂದೆ.

"ಹಾಗಾದರೆ ಗೊತ್ತಿದ್ದವರೇ ಮಾಡಿದ್ದು" ಎಂದಳು. ಹೊಸ ದಾರ ಒಗೆದ ಮೇಲೆ ಕುಗ್ಗುತ್ತದೆ, ಹಳೆಯ ಬಟ್ಟೆ ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ. ಅದಕ್ಕೇ ಪ್ರತಿ ತಿರುವಿನಲ್ಲೂ ಚೂರು ದಾರವನ್ನು ಸಡಿಲ ಬಿಡಬೇಕು, ಇಲ್ಲದಿದ್ದರೆ ರಫು ಸುತ್ತಲಿನ ಬಟ್ಟೆಯನ್ನು ಎಳೆದು ನಿರಿಗೆ ಕಟ್ಟುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟದ್ದು ಅಜ್ಜಿಯಂತೆ. ಹೇಳುತ್ತ ಹೇಳುತ್ತ ಅವಳು ಉತ್ಸಾಹಗೊಂಡು, ಎಷ್ಟು ಎಳೆ, ಯಾವ ದಾರ, ಲಿನನ್ನಿಗೆ ಎಂಥ ಸೂಜಿ ಎಂದು ಮಾತಾಡುತ್ತಲೇ ಹೋದಳು. ಕಷ್ಟದ ಪ್ರಶ್ನೆ ಎಲ್ಲಿ ಹೋಯಿತೋ. ಕೇಳುತ್ತಿದ್ದ ನಾನು ಕಾಳನ್ನು ನೀರಿಗೆ ಹಾಕಿ, ಎಂದೂ ಮಾಡದ ಕೆಲಸವೆಂಬಂತೆ, ಮುಚ್ಚಳ ಮುಚ್ಚಿಬಿಟ್ಟಿದ್ದೆ.

"ಅಮ್ಮಾ, ಅದರಲ್ಲಿ ಕೆಲವನ್ನು ನಾನು ಕತ್ತರಿಸಿಬಿಟ್ಟೆ" ಎಂದೆ.

"ಎಷ್ಟು?"

"ನಾಲ್ಕು. ಐದಿರಬಹುದು."

ಆಮೇಲೆ ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ನಾನು ಬಚ್ಚಲಿನ ದೀಪದ ಕೆಳಗೆ ಹೋಗಿ ತೋಳನ್ನು ಒಳಮೈ ಮಾಡಿ ಎಣಿಸಿದೆ. ಆರು. ತಂಗಿ ಒಳಗೆ ತಳ್ಳಿದ್ದ ಎಳೆ ಅವುಗಳಲ್ಲೇ ಒಂದರದು, ಈಗ ಬೆರಳಿನ ಅರ್ಧದಷ್ಟು ಹೊರಗೆ ಬಂದಿದೆ, ಪಕ್ಕದ್ದೂ ಸಡಿಲವಾಗುತ್ತಿದೆ. ಬಟಾಣಿ ಅಷ್ಟರಲ್ಲಿ ಒಣಗಿದ ಪಾಚಿಯ ಬಣ್ಣಕ್ಕೆ ತಿರುಗಿತ್ತು. ತಿಂದೆವು, ಸಿಹಿಯಾಗಿಯೇ ಇತ್ತು. ಅಂಗಿಯನ್ನು ಒಗೆಯಲು ಹಾಕಬೇಕು, ಆದರೆ ನೀರಿಗೆ ಬಿದ್ದರೆ ಉಳಿದ ಎಳೆಗಳು